ಖಾನಾವಳಿ ಶೇಖರಮ್ಮನ ಮೋಟಾರು

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಶೇಖರಮ್ಮನ ಖಾನಾವಳಿ ಇತ್ತು. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯಲ್ಲಿ ಇನ್ನೊಬ್ಬರ ಕೈ ನೋಡಿಕೊಂಡು ಇರಲಾರದೆ ಅವಳು ಶುರುಮಾಡಿದ್ದು ಅದು. ಐವತ್ತೆರಡನೆಯ ಇಸವಿಯ ಹೊತ್ತಿಗೆ ಸಿಂಧನೂರಿನ ಕಡೆ ಕಾಲುವೆ ಕೆಲಸ ಜೋರಾಗಿ ನಡೆದಿತ್ತು. ಅಲ್ಲಿನ ಒಂದು ಕ್ಯಾಂಪಿನವರು ಇವಳ ರೊಟ್ಟಿ, ಪುಂಡಿಪಲ್ಯ ತಿಂದು ಮೆಚ್ಚಿ, ದಿನಾ ಮಧ್ಯಾಹ್ನದ ಊಟ ಕಳಿಸುವ ಕೆಲಸ ಕೊಟ್ಟಿದ್ದರು.

ಕಳಿಸುವುದೇ ಕಷ್ಟವಾಗಿತ್ತು. ಬುಟ್ಟಿಗಳನ್ನು ಬಸ್ಸಿನವರು ಹತ್ತಿಸಿಕೊಳ್ಳುತ್ತಿರಲಿಲ್ಲ. ನಸುಕಿನಲ್ಲಿ ಹೊರಟ ಎತ್ತಿನ ಬಂಡಿ ಕ್ಯಾಂಪು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿ ಬೇಳೆ ಹಳಸುವುದೂ ಇತ್ತು. ಎರಡು ಸಲ ಹಾಗಾದಾಗ ಕ್ಯಾಂಪಿನ ಮೇಸ್ತ್ರಿ, ಮತ್ತೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿಕಳಿಸಿದ.

ಶೇಖರಮ್ಮ ಮೋಟಾರು ಕೊಳ್ಳುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ಊಟಕ್ಕೆ ಕೂತವರೇ ನಕ್ಕರು. ಅವಳು ನಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಬಂಗಾರದ ಪಾಟ್ಲಿ ತೆಗೆದು ಮಾರಿದಳು. ಹೊಸ ಗಾಡಿಯ ಮಾತು ಹಾಗಿರಲಿ, ಒಳ್ಳೆಯ ಹಳೆಯ ಗಾಡಿಗೂ ಆ ಹಣ ಸಾಲುವುದು ಕಷ್ಟವಿತ್ತು.

ಸಿಂಧನೂರಿನ ದಲಾಲಿ ಮರಿಸ್ವಾಮಿ ಒಂದು ಕೆಂಪು ಮೋಟಾರು ತೋರಿಸಿದ. ಬಣ್ಣ ಫಳಫಳ ಹೊಳೆಯುತ್ತಿತ್ತು, ಬೆಲೆಯೂ ಕೈಗೆ ಎಟುಕುವಂತಿತ್ತು. ಆದರೂ ತಿಳಿದವರೊಬ್ಬರು ನೋಡಲಿ ಎಂದು ಅವಳು ಲಿಂಗಸುಗೂರಿನಿಂದ ಹಾಜಿಸಾಬನನ್ನು ಕರೆಸಿದಳು. ಹಾಜಿಸಾಬ ಒಬ್ಬ ಜಾಗೀರದಾರರ ಬಳಿ ಡ್ರೈವರನಾಗಿದ್ದವನು. ಜಾಗೀರು ರದ್ದಾದ ಮೇಲೆ ಆ ಮನೆತನ ಹೈದರಾಬಾದಿಗೆ ಹೋಯಿತು. ಇವನು ಅಲ್ಲಿ ಇಲ್ಲಿ ಲಾರಿ ರಿಪೇರಿ ಮಾಡಿಕೊಂಡು ಉಳಿದಿದ್ದ.

ಅವನು ಗಾಡಿಯನ್ನು ಕೂಡಲೇ ಓಡಿಸಿ ನೋಡಲಿಲ್ಲ. ಬಿಸಿಯಿದ್ದಾಗ ಎಂಥ ಗಾಡಿಯೂ ಸುಲಭವಾಗಿ ಏಳುತ್ತದೆಂದು, ಇಂಜಿನು ಪೂರ್ತಿ ತಣ್ಣಗಾಗುವವರೆಗೆ ಕಾದು, ಆಮೇಲೆ ಚಾಲೂ ಮಾಡಲು ಮುಂದಿನ ಹ್ಯಾಂಡಲ್ ತಿರುಗಿಸಿದ. ತಿರುಗಿಸಿ ತಿರುಗಿಸಿ ಅಂಗಿ ತೊಯ್ದ ಮೇಲೆ ಗಾಡಿ ಕೆಮ್ಮುತ್ತ ಎದ್ದು ನೀಲಿ ಹೊಗೆ ಬಿಟ್ಟಿತು. ಕೆಳಗೆ ನುಸುಳಿ ನೋಡಿ ಬಂದು ಹೇಳಿದ: "ಬ್ಯಾಡ್ರಿ ಅವ್ವಾರ. ಎಲ್ಲ್ಯೋ ಹೊಡಿಸ್ಕೊಂಡು ಬಂದೈತಿ. ಗಾಡಿ ಹೊರೂ ಅಡಿಪಟ್ಟಿ ಮುರದಿದ್ದನ್ನ ಬೆಸದು ಬಣ್ಣ ಬಳದಾರ."

ಮರಿಸ್ವಾಮಿಯ ಮುಖ ಕಪ್ಪಿಟ್ಟಿತು. "ಗೊತ್ತೈತಿ ಬಿಡೋ! ನಿನ್ನ ಮನಿ ಮುಂದ ಒಂದು ಡಬ್ಬಾ ನಿಂತೈತಲ್ಲ, ಅದನ್ನ ಈಕಿ ತಲಿಗೆ ಕಟ್ಟಾಕ ನನ್ನ ಗಾಡಿ ಹಳ್ಯಾಕತ್ತಿ."

ಹಾಜಿಸಾಬ ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡು ಬಸ್ಸಿನ ಕಡೆ ನಡೆದ. ಅವನ ಬಳಿ ಗಾಡಿ ಇರುವುದು ಶೇಖರಮ್ಮನಿಗೆ ಗೊತ್ತೇ ಇರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು.

"ಮರಿಸ್ವಾಮಿ ಅಂದದ್ದು ಖರೇ ಏನು?"

"ಗಾಡಿ ಇರೂದು ಖರೇರಿ. ಪಗಾರ ಬಾಕಿ ಇತ್ತು, ಅದರ ಬದ್ಲಿ ಸಾಹೇಬ್ರು ಕೊಟ್ಟು ಹೋದ್ರು."

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ಕರದಿದ್ದು ಆ ಗಾಡಿ ನೋಡಾಕ. ನೋಡಿ ಹೇಳೀನಿ. ಈಗ ನಂದು ನಿಮಗ ಮಾರಿದ್ರ ಅವ ಅಂದದ್ದೆಲ್ಲಾ ಖರೇ ಆಗಿ ಕುಂದ್ರತೈತಿ. ನಾ ಮಾರೂದಿಲ್ರಿ."

ಮಸ್ಕಿಯಲ್ಲಿ ಇಳಿದ ಮೇಲೂ ಶೇಖರಮ್ಮನ ಮನಸ್ಸು ಸಮಾಧಾನಗೊಳ್ಳಲಿಲ್ಲ. ಇವನ ಮಾತು ನಂಬಿ ಒಳ್ಳೆಯ ಗಾಡಿ ಬಿಟ್ಟೆನೇ? ಮಾರುವುದಿಲ್ಲ ಎನ್ನುವುದೂ ಬೆಲೆ ಏರಿಸುವ ಉಪಾಯವೇ? ಒಂದು ವಾರ ಹೀಗೇ ಒದ್ದಾಡಿ, ಕಡೆಗೆ ಯಾರಿಗೂ ಹೇಳದೆ ಲಿಂಗಸುಗೂರಿನ ಬಸ್ಸು ಹತ್ತಿದಳು.

ಹಾಜಿಸಾಬ ಮನೆಯಲ್ಲಿರಲಿಲ್ಲ. ಬೇವಿನ ಗಿಡದ ಕೆಳಗೆ ಕಪ್ಪು ಮೋಟಾರು ನಿಂತಿತ್ತು. ಬಣ್ಣ ಚಕ್ಕೆಯೆದ್ದಿತ್ತು, ಒಂದು ಬಾಗಿಲಿಗೆ ಹಗ್ಗ ಬಿಗಿದಿತ್ತು. ಹಾಜಿಸಾಬನ ಹೆಂಡತಿ ದಾವಲ್‌ಬೀ ಚಾಪೆ ಹಾಸಿ ಕೂಡಿಸಿದಳು.

"ಓಡತೈತೇನವ್ವಾ?"

"ಓಡೂದು ನನಗೇನ್ ಗೊತ್ರಿ. ದಿನಾ ಒಮ್ಮೆ ಚಾಲೂ ಮಾಡ್ತಾನ. ಒಂದು ಸುತ್ತಿಗೇ ಏಳತೈತಿ. ಮನ್ಯಾಗ ಎಣ್ಣಿ ಇಲ್ಲಂದ್ರೂ ಅದಕ್ಕ ಎಣ್ಣಿ ಹಾಕ್ತಾನ." ಹೇಳುತ್ತ ಅವಳು ನಕ್ಕಳು. ಆ ನಗುವಿನಲ್ಲಿ ದಣಿವಿತ್ತು. ಒಲೆ ಉರಿದ ಗುರುತು ಮನೆಯಲ್ಲಿ ಕಾಣಲಿಲ್ಲ.

ಹಾಜಿಸಾಬ ಬಂದಾಗ ಶೇಖರಮ್ಮ ಬೆಲೆಯ ಮಾತೇ ಎತ್ತಲಿಲ್ಲ. "ಮಾರಬ್ಯಾಡ್ರಿ. ಬಾಡಿಗಿಗೆ ಕೊಡ್ರಿ. ದೀಪಾವಳಿ ತನಕ ನನ್ನ ಬುಟ್ಟಿ ಒಯ್ರಿ. ಆಗ ಗಾಡಿ ಎಂಥಾದ್ದು, ನೀವು ಎಂಥಾವ್ರು ಅಂತ ನನಗೂ ತಿಳೀತೈತಿ, ನಾ ಎಂಥಾಕಿ ಅಂತ ನಿಮಗೂ ತಿಳೀತೈತಿ."

ಅವನು ಗಾಡಿಯ ಬಾಗಿಲಿಗೆ ಬಿಗಿದಿದ್ದ ಹಗ್ಗ ಬಿಚ್ಚಿದ. ಆಮೇಲೆ ಒಳಗೆ ಹೋಗಿ ಬೀಗದ ಕೈ ತಂದ.

ಹಿಂದಿನ ಆಸನ ತೆಗೆದು ರೊಟ್ಟಿ ಬುಟ್ಟಿ, ಬೇಳೆಯ ಕೊಡ ಇಡಲು ಜಾಗ ಮಾಡಿದರು. ಬೇಸಿಗೆಯುದ್ದಕ್ಕೂ ಕ್ಯಾಂಪಿನವರು ಬಿಸಿ ಊಟ ಉಂಡರು. ಮಳೆಗಾಲದಲ್ಲಿ ಒಮ್ಮೆ ಹಳ್ಳ ಬಂದು ಬಂಡಿಗಳೆಲ್ಲ ದಡದಲ್ಲೇ ನಿಂತಾಗ ಶೇಖರಮ್ಮನೂ ಗಾಡಿಯಲ್ಲಿದ್ದಳು. ಹಾಜಿಸಾಬ ನೀರು ಮೊಣಕಾಲಿಗೆ ಇಳಿಯುವವರೆಗೆ ಕಾದ. ಪಂಖ ತಿರುಗಿ ಇಂಜಿನಿನ ಮೇಲೆ ನೀರು ಎರಚಬಾರದೆಂದು ಅದರ ಪಟ್ಟಿ ಬಿಚ್ಚಿ, ಮೆಲ್ಲಗೆ ದಾಟಿಸಿದ. ಆಚೆ ದಡ ಹತ್ತುವವರೆಗೂ ಅವಳು ಬೇಳೆಯ ಕೊಡ ಅಪ್ಪಿಕೊಂಡು ಕೂತಿದ್ದಳು.

ದೀಪಾವಳಿಗೆ ಹಾಜಿಸಾಬನೇ ಬಂದು ಕೇಳಿದ: "ಇನ್ನ ತಗೋತೀರೇನ್ರಿ ಅವ್ವಾರ?" ಅವನು ಹೇಳಿದ ಬೆಲೆ ಅವಳ ಬಳಿ ಇದ್ದುದಕ್ಕಿಂತ ಕಡಿಮೆಯೇ ಇತ್ತು. ಉಳಿದುದರಲ್ಲಿ ನಾಲ್ಕೂ ಟೈರು ಬದಲಾಯಿಸಿದರು. ಹಣ ಎಣಿಸಿ ಕೊಟ್ಟಾಗ ಅವನ ಕಣ್ಣು ತುಂಬಿತು. ಶೇಖರಮ್ಮ ಅದನ್ನು ನೋಡದವಳಂತೆ ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. ಮರುದಿನದಿಂದ ಅವನು ಪಗಾರದ ಮೇಲೆ ಅದೇ ಗಾಡಿ ಓಡಿಸಿದ.

ಕ್ಯಾಂಪು ಎದ್ದುಹೋದ ಮೇಲೆ ಹಿಂದಿನ ಆಸನ ಮತ್ತೆ ಕೂಡಿಸಿ ಮೋಟಾರನ್ನು ಬಾಡಿಗೆಗೆ ಬಿಟ್ಟರು. ಸುತ್ತಲ ಊರುಗಳಿಂದ ಹೆರಿಗೆ ನೋವಿನವರನ್ನು ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದದ್ದು ಹೆಚ್ಚಾಗಿ ಅದೇ ಗಾಡಿ. ಗುರುಗುಂಟಾಕ್ಕೆ ಶೇಖರಮ್ಮ ದೇವರಿಗೆ ಹೊರಟ ಒಂದು ಸೋಮವಾರ ದಾವಲ್‌ಬೀಯನ್ನೂ ಕರೆದಳು. ಜಾಗೀರದಾರರ ಕಾಲದಲ್ಲಿ ದಾವಲ್‌ಬೀ ಆ ಮೋಟಾರಿನೊಳಗೆ ಒಮ್ಮೆಯೂ ಕೂತಿರಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಶೇಂಗಾ ಸುಲಿದು ತಿನ್ನುತ್ತ, ಹಾಜಿಸಾಬನಿಗೆ ಕೇಳದ ಹಾಗೆ ಅವನ ಮಾತೇ ಆಡಿಕೊಂಡು ನಕ್ಕರು.