ಕೂತು ಮಾಡುವ ಕೆಲಸ

ಕೆಂಡಕ್ಕ ಸೇಡು ತೀರಿಸಿಕೊಂಡ ಬಗೆಯನ್ನು ಕೇಳಿದವರಲ್ಲಿ ಕೆಲವರು, ಛೆ, ಹೆಂಗಸಿಗೆ ಅಷ್ಟು ಹಟ ಇರಬಾರದು ಎನ್ನುತ್ತಾರೆ. ಹಾಗೆನ್ನುವವರು ಯಾರೂ ಬಸಿರು ಹೊತ್ತು ಇಸ್ತ್ರಿ ಮೇಜಿನ ಮುಂದೆ ನಿಂತವರಲ್ಲ.

ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಅವಳ ಅರ್ಧ ಆಯುಷ್ಯ ಹಬೆಯಾಗಿ ಹೋಯಿತು. ಮೂಗಿನ ತುದಿಯಲ್ಲೇ ಸಿಟ್ಟು, ಅದಕ್ಕೇ ಕೆಂಡಕ್ಕ. ಆ ಹೆಸರು ಅಂಟುವ ಮುಂಚೆ ಅವಳೂ ಎಲ್ಲರಂತೆ ತಲೆ ತಗ್ಗಿಸಿ ದುಡಿದವಳೇ.

ಚೊಚ್ಚಲ ಬಸಿರಿಗೆ ಏಳು ತುಂಬುವ ಹೊತ್ತಿಗೆ ಅವಳ ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಬಟ್ಟೆಯ ದಾರ ಕತ್ತರಿಸುವ ಬೆಂಚಿನಲ್ಲಿ ಕೂತು ಮಾಡುವ ಕೆಲಸವಿತ್ತು. ಅದನ್ನು ಕೇಳಲು ಸೂಪರ್‌ವೈಸರ್ ಹತ್ತಿರ ಹೋದಳು. ಅವನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಬೆನ್ನ ಹಿಂದೆ ಅವನ ಹೆಸರೂ ಸೀಟಿಯೇ.

“ಸಾರ್, ಹೆರಿಗೆ ಆಗೋತನಕ ಬೆಂಚಿಗೆ ಹಾಕಿ ಸಾರ್. ನಿಂತ್ರೆ ಹೊಟ್ಟೆ ಬಿಗಿಯುತ್ತೆ.”

“ಏಯ್, ನನ್ನ ಕೇಳಿ ಬಸಿರಾದ್ಯಾ? ಹೋಗು, ಬಟ್ಟೆ ರಾಶಿ ಬಿದ್ದಿದೆ.”

ಅದೇ ವಾರ ಮೇಜಿನ ಮುಂದೆಯೇ ನೋವು ಬಂತು. ಆಸ್ಪತ್ರೆಯಲ್ಲಿ ಹುಟ್ಟಿದ್ದು ಅಂಗೈಯಗಲದ ಹೆಣ್ಣುಕೂಸು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ರಕ್ತಕ್ಕೆ ನಂಜೇರಿತು. ಔಷಧಿ ಹಿಡಿಯುವ ಮುಂಚೆಯೇ ಕೂಸು ತಣ್ಣಗಾಯಿತು.

ಮಕ್ಕಳ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: “ತಾಯಿ ರಕ್ತದಲ್ಲಿ ರೋಗದ ಜೊತೆ ಗುದ್ದಾಡೋ ಕಾವಲು ಇರುತ್ತಮ್ಮ. ಪ್ರತಿಕಾಯ ಅಂತೀವಿ. ಅದು ಮಾಸಿನ ಮೂಲಕ ಹೊಟ್ಟೇಲಿರೋ ಮಗುಗೆ ದಾಟುತ್ತೆ. ಹೆಚ್ಚಿನ ಪಾಲು ದಾಟೋದು ಕೊನೇ ವಾರಗಳಲ್ಲಿ. ನಿನ್ನ ಮಗು ಅದನ್ನ ಪೂರ್ತಿ ತಗೊಳ್ಳೋ ಮುಂಚೆನೇ ಬಂದ್ಬಿಡ್ತು. ನಂಜು ಹೊಕ್ಕಾಗ ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ.”

“ನನ್ನ ಹತ್ರ ಇತ್ತಾ ಅದು?”

“ಇತ್ತು.”

“ನಿಂತಿದ್ದಕ್ಕೇ ಬೇಗ ಬಂತಾ?”

“ಹಾಗಂತ ಖಡಾಖಂಡಿತ ಹೇಳೋಕಾಗಲ್ಲ. ನೂರೆಂಟು ಕಾರಣ ಇರ್ತವೆ.”

ಡಾಕ್ಟರಮ್ಮ ಹೇಳದಿದ್ದರೇನಂತೆ, ಕೆಂಡಕ್ಕ ತೀರ್ಪು ಬರೆದಾಗಿತ್ತು. ತನ್ನ ಮೈಯಲ್ಲಿ ಕೊಡುವುದಕ್ಕೆ ಇತ್ತು. ಕೊಡುವುದಕ್ಕೆ ಬಿಡಲಿಲ್ಲ. ಬಿಡದವನು ಯಾರೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಮೇಲಿನ ಅವಳ ಬದುಕೆಲ್ಲ ಕಾರ್ಖಾನೆಯ ಗೇಟಿನಲ್ಲೇ ಕಳೆಯಿತು. ಮುಷ್ಕರಕ್ಕೆ ಕೂತಳು, ಲಾಠಿ ಏಟು ತಿಂದಳು, ಕೆಲಸ ಕಳೆದುಕೊಂಡಳು, ಮತ್ತೆ ಒಳಗೆ ನುಗ್ಗಿದಳು. ಸಂಘದವರಾದ ನಮ್ಮ ಭಾಷಣಗಳಲ್ಲಿ ಹಕ್ಕು, ಘನತೆ ಎಂದೆಲ್ಲ ಬರುತ್ತಿತ್ತು. ಅವಳಿಗೆ ಬೇಕಿದ್ದುದು ಸೀಟಿಯ ಮುಖ ಸಪ್ಪೆಯಾಗುವುದು, ಅಷ್ಟೇ. ಕೊನೆಗೆ ಆಡಳಿತ ಬಗ್ಗಿತು: ಬೆಂಚಿನಲ್ಲಿ ಯಾರು ಕೂರಬೇಕೆಂದು ಹೆಂಗಸರ ಸಮಿತಿಯೇ ತೀರ್ಮಾನಿಸಬಹುದು. ಸೀಟಿ ಮಾತ್ರ ಮಾಲೀಕರ ಕಿವಿಯೂದಿ ಒಂದು ಷರತ್ತು ಸೇರಿಸಿದ: ಒಬ್ಬಳು ಕೂತರೆ ಅವಳ ಮೇಜು ಖಾಲಿ ಬೀಳಬಾರದು, ನಿಲ್ಲುವವರನ್ನು ಸಮಿತಿಯೇ ಹುಡುಕಬೇಕು.

ಸಮಿತಿಗೆ ಕೆಂಡಕ್ಕನೇ ಮುಂದಾಳು. ವರ್ಷಗಳು ಉರುಳಿದವು. ಸೀಟಿಯ ಮಗ ಇಸ್ತ್ರಿ ವಿಭಾಗದ ಹುಡುಗಿಯೊಬ್ಬಳನ್ನೇ ಮದುವೆಯಾದ. ಅವಳು ಬಸಿರಾದಳು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೀಟಿ ಬಂದು ಕೆಂಡಕ್ಕನೆದುರು ನಿಂತ.

“ಅಕ್ಕಾ, ನಮ್ಮ ಸೊಸೆಗೆ ಬೆಂಚು ಬೇಕಿತ್ತು.”

ಅವನ ಬಾಯಲ್ಲಿ ಅಕ್ಕ! ಅವಳು ಕೂರು ಎನ್ನಲಿಲ್ಲ. ತುತ್ತು ನುಂಗಿ ನಿಧಾನಕ್ಕೆ ಕೇಳಿದಳು, “ಯಾಕೆ, ನಿಲ್ಲೋಕೇನಂತೆ ರೋಗ?”

“ಏಳು ತುಂಬ್ತಾ ಇದೆ. ಮಗುಗೆ ನಾಯಿಕೆಮ್ಮು ಬರ್ಬಾರ್ದು ಅಂತ ಡಾಕ್ಟ್ರು ಸೂಜಿ ಹಾಕಿದಾರೆ. ಅದರ ಕಾವಲು ತಾಯಿಯಿಂದ ಮಗುಗೆ ದಾಟೋಕೆ ಟೈಮ್ ಬೇಕಂತೆ. ದಿನ ತುಂಬೋ ಮುಂಚೆ ಹೆರಿಗೆ ಆಗ್ಬಾರ್ದು, ಜೋಪಾನ ಅಂದಿದಾರೆ.”

“ಓಹೋ. ನಿಮ್ಮ ಮನೆ ಬಾಗಿಲಿಗೂ ಬಂತಾ ಆ ವಿದ್ಯೆ.”

ಆ ಕ್ಷಣ ಕೆಂಡಕ್ಕನ ಕಣ್ಣೆದುರು ಗಾಜಿನ ಪೆಟ್ಟಿಗೆ ಬಂತು; ಅದರೊಳಗೆ ಸೀಟಿಯ ಮೊಮ್ಮಗು. ಮುಚ್ಚುಮರೆ ಯಾಕೆ, ಆ ನೋಟ ಅವಳಿಗೆ ಸಿಹಿಯಾಗಿತ್ತು. ಆಗಲ್ಲ ಎಂಬ ಮಾತು ನಾಲಿಗೆ ತುದಿಯಲ್ಲಿತ್ತು. “ನಾಳೆ ಹೇಳ್ತೀನಿ,” ಎಂದು ಅಟ್ಟಿದಳು.

ಬಿಡುವು ಮುಗಿದ ಮೇಲೆ ಆ ಸೊಸೆಯನ್ನು ನೋಡಿದಳು. ಹುಡುಗಿ ಒಂದು ಕೈ ಸೊಂಟಕ್ಕೆ ಕೊಟ್ಟು ಇನ್ನೊಂದರಲ್ಲಿ ಇಸ್ತ್ರಿ ಎಳೆಯುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಹೊಟ್ಟೆ ಅವಳದು,” ಎಂದಳು ಕೆಂಡಕ್ಕ ಪಕ್ಕದವಳಿಗೆ. “ನನ್ನ ಜಗಳ ಇರೋದು ಮಾವನ ಜೊತೆ.”

ಮರುದಿನ ಬೆಳಿಗ್ಗೆ ಎಲ್ಲರೆದುರು ಸೀಟಿಗೆ ಹೇಳಿದಳು: “ಬೆಂಚು ಕೊಟ್ಟಿದೀವಿ. ಸೊಸೆ ಮೇಜಿಗೆ ನೀವು ನಿಲ್ಲಿ.”

“ನಾನಾ? ನಾನು ಸೂಪರ್‌ವೈಸರ್!”

“ಮೇಜು ಖಾಲಿ ಬೀಳಬಾರ್ದು ಅಂತ ಬರೆಸಿದ್ದು ನೀವೇ. ಇಲ್ಲಾಂದ್ರೆ ಸೊಸೇನೇ ನಿಲ್ಲಲಿ.”

“ಮಂಡಿ ನೋವು ಅಕ್ಕಾ ನಂಗೆ.”

“ನನ್ನ ಕೇಳಿ ಮಂಡಿ ನೋಯಿಸ್ಕೊಂಡ್ರಾ?”

ಯಾವಳೋ ಕಿಸಕ್ಕೆಂದಳು. ಆಮೇಲೆ ಇಡೀ ವಿಭಾಗವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮ್ಯಾನೇಜರಿಗೆ ಟಾರ್ಗೆಟ್ ಆದರೆ ಸಾಕು, ನಿಲ್ಲುವವರು ಯಾರಾದರೇನು. ಸೀಟಿ ಮೇಜಿಗೆ ನಿಂತ. ಹಬೆಗೆ ಬೆವರಿ ತೊಪ್ಪೆಯಾದ, ಮೊದಲ ದಿನವೇ ಕೈ ಸುಟ್ಟುಕೊಂಡ. “ಸಾರ್, ಕಾಲರ್ ಸೊಟ್ಟ,” ಎಂದು ಹೆಂಗಸರು ಅವನ ಅಂಗಿಗಳನ್ನು ವಾಪಸ್ ಎಸೆದರು. ಕೆಲಸವಿಲ್ಲದಿದ್ದರೂ ಕೆಂಡಕ್ಕ ಆ ದಾರಿಯಲ್ಲೇ ಓಡಾಡಿ ಕಣ್ತುಂಬಿಕೊಂಡಳು.

ದಿನ ತುಂಬಿ ಸೊಸೆ ಹೆತ್ತಳು. ಸೀಟಿ ಕುಂಟುತ್ತಲೇ ಓಡಿಬಂದ.

“ಗಂಡುಮಗು ಅಕ್ಕಾ. ಗುಂಡುಕಲ್ಲು ಇದ್ದಂಗಿದೆ.”

“ತಾಯಿ ಹಾಲು ಕುಡೀತಿದೆಯಾ?”

“ಕುಡೀತಿದೆ.” ಅವನು ಮಂಡಿ ನೀವಿಕೊಳ್ಳುತ್ತ ಕೇಳಿದ, “ಇನ್ನಾದ್ರೂ ನನ್ನ ಮೇಲಿನ ಸಿಟ್ಟು ಇಳೀತಾ?”

“ಇಲ್ಲ,” ಎಂದಳು ಕೆಂಡಕ್ಕ. “ಕಿಟಕಿ ಪಕ್ಕದ ಮೇಜಿನವಳಿಗೂ ಏಳು ತುಂಬ್ತಾ ಇದೆ, ಸೋಮವಾರದಿಂದ ಬೆಂಚು. ಅವಳ ಮೇಜಿಗೆ ನೀವು ನಿಲ್ಲಿ. ಒಂಚೂರು ಗಾಳಿ ಬರುತ್ತೆ.”