ಕಾಸೀಮಬೀ ಕಟ್ಟುವ ಬೇವು

ಭಾಗ್ಯನಗರದ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹುಲಗಮ್ಮನವರ ಬಾಗಿಲಲ್ಲಿ ನಿಂತ ಕಾಸೀಮಬೀ ಬಾಡಿದ ಬೇವಿನ ಟೊಂಗೆ ಬಿಚ್ಚಿ ಹಸಿಯದನ್ನು ಕಟ್ಟುತ್ತಾರೆ. ಆಮೇಲೆ ಸೆರಗಿನ ಗಂಟಿನಿಂದ ಆಸ್ಪಿರಿನ್ ಮಾತ್ರೆಯ ಚೂರು ತೆಗೆದು, ಚಮಚದ ನೀರಿನಲ್ಲಿ ಕದಡಿ, ಹುಲಗಮ್ಮನವರ ಮೊಮ್ಮಗ ದುರುಗಪ್ಪನಿಗೆ ಕುಡಿಸುತ್ತಾರೆ. ಏಳು ತಿಂಗಳ ಕೂಸು ಮುಖ ಕಿವುಚುತ್ತದೆ.

ಕಾಸೀಮಬೀ ಕೊಪ್ಪಳದ ಮಕ್ಕಳ ದವಾಖಾನೆಯೊಂದರ ಆಯಾ. ಈ ೧೯೮೭ನೇ ಇಸವಿಯವರೆಗೂ ಅವರ ಹೆಸರು ಒಂದು ಪತ್ರಿಕೆಯಲ್ಲೂ ಬಂದಿಲ್ಲ. ಪತ್ರಿಕೆಗೆ ಬರೆಯುವ ನಮಗೆ ಪುರುಸೊತ್ತಾದರೂ ಎಲ್ಲಿತ್ತು!

ತಿಂಗಳ ಹಿಂದೆ ದುರುಗಪ್ಪನಿಗೆ ಬಂದ ಜ್ವರ ಇಳಿಯಲೇ ಇಲ್ಲ. ಕಣ್ಣು ಕೆಂಪಾದವು, ತುಟಿ ಒಡೆದವು, ಮೈತುಂಬ ಗಂಧೆ ಎದ್ದವು, ಅಂಗೈ ಊದಿದವು. ಮೈಮೇಲೆ ಅಮ್ಮ, ಅಂದರೆ ಸಿಡುಬಿನ ದೇವಿ, ಬಂದಿದ್ದಾಳೆಂದು ಮನೆಯವರು ಬಾಗಿಲಿಗೆ ಬೇವು ಕಟ್ಟಿ ಕೂತರು. ಕೂಸು ಮೊಲೆ ಬಿಟ್ಟಾಗ ಗಾಬರಿಯಾಗಿ ದವಾಖಾನೆಗೆ ತಂದರು. ಡಾಕ್ಟರ್ ದೇವೇಂದ್ರಪ್ಪ ಅದನ್ನು ಕವಾಸಾಕಿ ಬೇನೆ ಎಂದು ಗುರುತಿಸಿದರು. ಇದರಲ್ಲಿ ರಕ್ತನಾಳಗಳಿಗೇ ಉರಿಯೂತ. ಹೃದಯದ ನಾಳ ಉಬ್ಬಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಜ್ವರ ಬಿಟ್ಟ ಮೇಲೂ ಆ ಅಪಾಯ ತಪ್ಪಿದ್ದಲ್ಲ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಮಾತ್ರೆ ನಿಲ್ಲಿಸುವಂತಿಲ್ಲ.

ಇಲ್ಲಿಯ ರೂಢಿ ಬೇರೆ. ಜ್ವರ ಬಿಟ್ಟು ಬೆರಳ ತುದಿಯ ಚರ್ಮ ಸುಲಿದರೆ ಅಮ್ಮ ಹೋದಳೆಂದೇ ಲೆಕ್ಕ. ಬೇವು ಇಳಿಸಿ, ಕೂಸಿಗೆ ನೀರು ಹಾಕಿ, ಹೋಳಿಗೆ ಮಾಡುತ್ತಾರೆ. ಔಷಧಿಯೂ ಅಂದಿಗೇ ಮುಗಿಯುತ್ತದೆ.

"ಇಟಗಿಯಾಗ ಹಿಂಗ ಒಂದು ಹೆಣ್ಣುಕೂಸು ಇತ್ರಿ. ಬೇವು ಇಳಿಸಿದ ದಿನ ನನ್ನೂ ಉಣ್ಣಾಕ ಕರದ್ರು. ಮಾತ್ರಿ ಕೊಡಾಕ ಹತ್ತೀರೇನು ಅಂತ ಕೇಳಲೇ ಇಲ್ಲರಿ ನಾನು. ಹೋಳಗಿ ತಿಂದು ಬಂದ್ನಿ. ವಾರದಾಗ ಕೂಸು ತಾಯಿ ತೊಡಿಮ್ಯಾಲ ಹೋತು," ಎನ್ನುವಾಗ ಕಾಸೀಮಬೀ ಕಣ್ಣೊರೆಸಿಕೊಳ್ಳುತ್ತಾರೆ. "ಅವತ್ತಿಂದ ಹೋಳಗಿ ಮುಟ್ಟಿಲ್ರಿ."

ಅಂದಿನಿಂದ, ಮಾತ್ರೆ ಮುಗಿಯುವವರೆಗೆ ಅವರು ಯಾವ ಮನೆಯಲ್ಲೂ ಬೇವು ಇಳಿಸಗೊಡುವುದಿಲ್ಲ. ಹುಲಗಮ್ಮನವರೂ ಸುಲಭಕ್ಕೆ ಒಪ್ಪಿದವರಲ್ಲ.

"ಕೂಸು ಆಡಾಕ ಹತ್ತೈತಿ, ಅಮ್ಮ ಹೋಗ್ಯಾಳ. ಇನ್ನೂ ಯಾಕ ಬೇ ಈ ಬೇವು?" ಎಂದು ಜಗಳಕ್ಕೇ ನಿಂತಿದ್ದರಂತೆ.

"ಯಕ್ಕಾ, ಮೈಯಿಂದ ಇಳದಾಳ, ಎದಿಯಾಗ ಇನ್ನೂ ಅದಾಳ. ಬೇವು ಇರೂತನಕ ಮಾತ್ರಿನೂ ಇರಲಿ," ಎಂದರು ಕಾಸೀಮಬೀ. ಹುಲಗಮ್ಮನವರು ಬೇವನ್ನು ಬಾಗಿಲಲ್ಲೇ ಬಿಟ್ಟರು.

ಅದು ಸುಳ್ಳಲ್ಲವೇ ಎಂದು ನಾನು ಕೆಣಕಿದೆ.

"ಡಾಕ್ಟರ್ ಉರಿ ಅಂತಾರ, ಇವ್ರು ಅಮ್ಮ ಅಂತಾರ. ನನಗ ಕೂಸು ಬೇಕ್ರಿ."

ಮುಂದಿನ ವಾರ ದುರುಗಪ್ಪನಿಗೆ ಹುಬ್ಬಳ್ಳಿಯಲ್ಲಿ ಹೃದಯದ ಪರೀಕ್ಷೆ. ನಾಳ ಸರಿಯಿದೆ ಎಂದು ಡಾಕ್ಟರು ಹೇಳಿದರೆ ಈ ಬಾಗಿಲಿನ ಬೇವು ಇಳಿಯುತ್ತದೆ. ನಿಮ್ಮ ಆಸೆಯೇನು ಎಂದು ಕೇಳಿದೆ. ಕಾಸೀಮಬೀ ಕೂಸಿನ ತುಟಿ ಒರೆಸಿದರು.

"ದೊಡ್ಡದೇನಿಲ್ರಿ. ಹುಲಗಕ್ಕನ ಕೈಯಾಗಿಂದು ಒಂದು ಹೋಳಗಿ ತಿನ್ನಬೇಕು."