ತಾಂಬೂಲ ಹಿಡಿದ ಕೋಚ್

ಸೇನಾಪತಿಯಿಲ್ಲದ ರಾಜ್ಯ ಬಹುಕಾಲ ಬಾಳುವುದಿಲ್ಲವೆಂದು ತಿಳಿದವರು ಹೇಳುತ್ತಾರೆ. ನಾನು ಹೇಳಹೊರಟಿರುವ ರಾಜ್ಯಕ್ಕೆ ಆರು ಸಾಲು ಮರದ ಬೆಂಚುಗಳಿದ್ದವು, ಅದರ ಸ್ಕೋರ್‌ಬೋರ್ಡಿನಲ್ಲಿ ಏಳು ಯಾವಾಗಲೂ ಒಂದರಂತೆ ಕಾಣುತ್ತಿತ್ತು.

ಎರಡು ಸಾವಿರದ ಮೊದಲ ವರ್ಷಗಳು, ಸಿಡ್ನಿಗೆ ಬಂದ ಹೊಸತು. ಮಗಳು ಅಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಶುಕ್ರವಾರ ಚಾಟ್ಸ್‌ವುಡ್ಡಿನ ಆಫೀಸು ಮುಗಿಸಿ ಅವಳನ್ನು ಕರೆತರಲು ಹೋದವನು, ಅಲ್ಲಿನ ಆಟದ ಹಾಲಿನೊಳಗೆ ಚೆಂಡು ಪುಟಿಯುವ ಸದ್ದು ಕೇಳಿ ಇಣುಕಿದೆ. ಬೆಂಗಳೂರಿನ ಕ್ಲಬ್ಬೊಂದರ ಸಿಮೆಂಟಿನ ಕೋರ್ಟಿನಲ್ಲಿ ಮಂಡಿಯ ಚರ್ಮವನ್ನೆಲ್ಲ ಅರ್ಪಿಸಿ ಬಾಸ್ಕೆಟ್‌ಬಾಲ್ ಆಡಿದ್ದವನು ನಾನು. ಇಣುಕಿದವನು ಯೂನಿವರ್ಸಿಟಿ ತಂಡದ ಆಟ ನೋಡುತ್ತ ಕೂತೆ. ಮಗಳು ಪದವಿ ಮುಗಿಸಿ ಕೆಲಸಕ್ಕೆ ಸೇರಿದಳು. ನಾನು ಮಾತ್ರ ಯೂನಿವರ್ಸಿಟಿ ಬಿಡಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ನನ್ನನ್ನು ಕಂಡು ಸರಿದು ಜಾಗ ಕೊಡುವವರು, "ಹೋದ ವಾರ ಎಲ್ಲಿ ಹೋಗಿದ್ದೆ?" ಎಂದು ವಿಚಾರಿಸುವವರು ಇದ್ದದ್ದು ಆ ಬೆಂಚಿನ ಮೇಲೆ ಮಾತ್ರ.

ಹಾಗೆ ಸಿಕ್ಕವನೇ ನನ್ನ ಧಾರವಾಡದ ಗೆಳೆಯ. ರಸ್ತೆ, ಸೇತುವೆ ಕಟ್ಟಿಸುವ ಎಂಜಿನಿಯರು. ಆಟದ ನಿಯಮಗಳು ಅವನಿಗೆ ಅರ್ಧ ಗೊತ್ತಿದ್ದವು. ಉಳಿದರ್ಧವನ್ನು ಗಂಟಲಿನಿಂದ ತುಂಬುತ್ತಿದ್ದ.

ಒಂದು ಬೇಸಿಗೆಯಲ್ಲಿ ನಮ್ಮ ತಂಡದ ಹೆಡ್ ಕೋಚ್ ರಾಜೀನಾಮೆ ಕೊಟ್ಟ. ಹಾಲಿನ ಬಾಗಿಲಿಗೆ ಕಮಿಟಿಯವರು ಒಂದು ಹಾಳೆ ಅಂಟಿಸಿದರು: ಹೊಸ ಕೋಚ್‌ಗಾಗಿ ಹುಡುಕಾಟ ನಡೆದಿದೆ, ಸೀಸನ್ ಶುರುವಾಗುವ ಮುಂಚೆ ಯಾರೂ ಸಿಗದಿದ್ದರೆ ತಂಡವನ್ನು ಲೀಗಿನಿಂದ ವಾಪಸು ಪಡೆಯಲಾಗುವುದು. ಅಲ್ಲಿಂದ ಮುಂದೆ ನಾವಿಬ್ಬರೂ ಪ್ರತಿ ಶುಕ್ರವಾರ, ಆಟವಿಲ್ಲದಿದ್ದರೂ, ಆ ಹಾಳೆ ಓದಲು ಹೋಗುತ್ತಿದ್ದೆವು. ಮೊದಲನೆಯ ಅಭ್ಯರ್ಥಿ ಒಪ್ಪಿ, ನಾಲ್ಕು ದಿನಕ್ಕೆ ಮನಸ್ಸು ಬದಲಿಸಿದ. ಎರಡನೆಯವನು ಬಂದು ಹಾಲ್ ನೋಡಿ, ಸ್ಕೋರ್‌ಬೋರ್ಡ್ ನೋಡಿ, ಕಾರು ಹತ್ತಿದ. ವಧುಪರೀಕ್ಷೆಗೆ ಬಂದ ಗಂಡು ಉಪ್ಪಿಟ್ಟು ತಿನ್ನದೆ ಎದ್ದುಹೋದರೆ ಹೆಣ್ಣಿನ ಕಡೆಯವರಿಗೆ ಹೇಗಾಗುತ್ತದೆಂದು ಅಂದು ತಿಳಿಯಿತು.

"ಇವ್ರು ಊರೆಲ್ಲಾ ಯಾಕ ಹುಡುಕ್ತಾರ್ರೀ ಸರ್ರ?" ಎಂದ ಗೆಳೆಯ. "ಮನ್ಯಾಗಿನ ಮನಷ್ಯಾನ ಕಣ್ಣಿಗೆ ಕಾಣವಲ್ಲನ?"

ಮನೆಯ ಮನುಷ್ಯನೆಂದರೆ ಅಸಿಸ್ಟೆಂಟ್ ಕೋಚ್. ಒಂಬತ್ತು ವರ್ಷ ಚೆಂಡಿನ ಚೀಲ ಹೊತ್ತವನು. ಮಿತಭಾಷಿ, ಉದ್ದನೆಯ ಆಳು, ಸೋತಾಗಲೂ ಹುಡುಗರ ಹೆಗಲು ತಟ್ಟುವವನು. ಕಮಿಟಿಯ ಕಾರ್ಯದರ್ಶಿಯನ್ನು ವಿಚಾರಿಸಿದೆವು. "ಅವನು ಅರ್ಜಿ ಹಾಕಿದರೆ ನಾಳೆಯೇ ಕೊಡುತ್ತೇವೆ, ಆದರೆ ಹಾಕಿಲ್ಲವಲ್ಲ," ಎಂದ.

ಇಲ್ಲಿ ನಮ್ಮ ರಾಜನೀತಿ ಶುರುವಾಯಿತು. ಇಂಥ ವಿಷಯವನ್ನು ಹಾಲಿನ ಬಾಗಿಲಲ್ಲಿ ನಿಂತು ಕೇಳುವುದು ಮರ್ಯಾದೆಯಲ್ಲ. ಮನೆಗೆ ಕರೆದು ಊಟ ಹಾಕಬೇಕು. ಭಾನುವಾರ ಗೆಳೆಯನೇ ಹೋಗಿ ಅವನನ್ನು ತನ್ನ ಕಾರಿನಲ್ಲಿ ನಮ್ಮ ಮನೆಗೆ ಕರೆತಂದ. ನನ್ನ ಹೆಂಡತಿ ಒಬ್ಬಟ್ಟು ಮಾಡಿದ್ದಳು. ಅತಿಥಿ ನೆಲದ ಮೇಲೆಯೇ ಕೂರುತ್ತೇನೆಂದು ಹಟಮಾಡಿ, ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಅರ್ಧ ನಡುಮನೆಯನ್ನು ಆವರಿಸಿದ. ತುಪ್ಪ ಹಾಕಿದಷ್ಟೂ ತಿಂದ. ನಾನು ತಂಡದ ಚರಿತ್ರೆ, ಹುಡುಗರ ಭವಿಷ್ಯ, ನಿಷ್ಠೆಯ ಹಿರಿಮೆ ಎಲ್ಲವನ್ನೂ ಮಾತಾಡಿದೆ. ಅವನು ತಲೆಯಾಡಿಸಿದ. ಹೊರಡುವಾಗ ತಟ್ಟೆಯಲ್ಲಿ ಎಲೆ, ಅಡಿಕೆ, ಜುಟ್ಟಿರುವ ತೆಂಗಿನಕಾಯಿ ಇಟ್ಟು ಕೊಟ್ಟೆ. ಬಗ್ಗಿ, ಎರಡೂ ಕೈ ಚಾಚಿ ತೆಗೆದುಕೊಂಡ. "ನಿಮ್ಮ ಈ ಉಪಕಾರ ಮರೆಯೋದಿಲ್ಲ," ಎಂದ ಇಂಗ್ಲಿಷಿನಲ್ಲಿ. ಕಣ್ಣು ಒದ್ದೆಯಾಗಿದ್ದಂತೆ ಕಂಡಿತು. ತಿಳಿಸಾರಿನ ಖಾರವೂ ಇದ್ದಿರಬಹುದು.

ನಮ್ಮಲ್ಲಿ ತಾಂಬೂಲ ಬದಲಾದರೆ ಮದುವೆ ನಿಶ್ಚಯವಾದಂತೆ. ಹಿಂದಿನ ರಾಜರ ಕಾಲದಲ್ಲಿ ರಣವೀಳ್ಯ ಹಿಡಿದವನು ಯುದ್ಧಕ್ಕೆ ಹೊರಟಂತೆಯೇ ಲೆಕ್ಕ. ಗೆಳೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ವೀಳ್ಯೆ ಹಿಡದಾನ್ರೀ ಸರ್ರ. ಇನ್ನೆಲ್ಲಿ ಹೋಗ್ತಾನ?"

ಮೆಲ್ಬರ್ನಿಗೆ ಹೋದ.

ಮುಂದಿನ ಶುಕ್ರವಾರ ಬಾಗಿಲ ಮೇಲೆ ಹೊಸ ಹಾಳೆ. ನಮ್ಮ ಅಸಿಸ್ಟೆಂಟ್ ಕೋಚ್ ಮೆಲ್ಬರ್ನಿನ ಇನ್ನೊಂದು ಯೂನಿವರ್ಸಿಟಿಗೆ ಹೆಡ್ ಕೋಚ್ ಆಗಿ ಹೋಗುತ್ತಿದ್ದಾರೆ, ಅವರ ಸೇವೆಗೆ ಕೃತಜ್ಞತೆಗಳು. ಆ ದಿನ ಗೆಳೆಯ ಬಂದಿರಲಿಲ್ಲ. ಹಾಲಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ.

"ಏನ್ರೀ ಇದು? ಗೊತ್ತಾಯ್ತಾ?"

ಆ ಕಡೆ ರೇಡಿಯೋದ ಸದ್ದು ತಗ್ಗಿಸಿದ. ಸದ್ದು ತಗ್ಗಿಸುವುದು ಅವನ ಜಾಯಮಾನವಲ್ಲ.

"ನನಗ ಗೊತ್ತಿತ್ರೀ ಸರ್ರ."

"ಯಾವಾಗಿಂದ?"

"ಅವತ್ತ ನಿಮ್ಮನಿಗೆ ಬರೂ ಮುಂದ ಕಾರಿನ್ಯಾಗ ಹೇಳಿದ. ಮೆಲ್ಬರ್ನ್‌ದಾಗ ಒಪ್ಕೊಂಡು ಆಗೇತಿ ಅಂತ."

"ಮತ್ತೆ ನನಗೆ ಹೇಳ್ಬಾರದಿತ್ತಾ?"

"ಊಟದ ಮನಿಗೆ ಹೊಂಟಾಗ ಅಪಶಕುನ ಯಾಕ ನುಡೀಬೇಕ್ರೀ? ವೈನಿಯವ್ರು ಮುಂಜಾನಿಂದ ಹೋಳಗಿ ಬಡ್ಯಾಕತ್ತಿದ್ರು."

"ಹೋಳಿಗೆ ಹಾಳಾಗ್ಲಿ! ಬಾಗಿಲಲ್ಲಿ ನಿಂತು ವೀಳ್ಯ ಗೀಳ್ಯ ಅಂದ್ರಲ್ಲ, ಅದು?"

"ನಿಮ್ಮ ಮಾರಿ ಅಷ್ಟು ಖುಷಿ ಇತ್ರೀ. ಬಾಯಿಗೆ ಬಂತು, ಅಂದೆ."

ಮನೆಗೆ ಬಂದು ದ್ರೋಹದ ಸವಿಸ್ತಾರ ವರದಿ ಒಪ್ಪಿಸಿದೆ. ರಜೆಗೆಂದು ಮನೆಗೆ ಬಂದಿದ್ದ ಮಗಳು ಟಿವಿಯಿಂದ ಕಣ್ಣು ತೆಗೆಯದೆ, "ಅಪ್ಪಾ, ಇಟ್ಸ್ ಜಸ್ಟ್ ಎ ಕೋಕೊನಟ್," ಎಂದಳು. ಅವಳನ್ನು ಕ್ಷಮಿಸಿದೆ, ಇಲ್ಲಿ ಓದಿದವಳು. ಹೆಂಡತಿಯ ಮಾತನ್ನು ಕ್ಷಮಿಸುವುದು ಕಷ್ಟವಾಯಿತು.

"ಅಲ್ಲಾ ರೀ, ನೀವು ಅವನನ್ನ ಕೇಳಿದ್ರಾ?"

"ಏನಂತ?"

"ಅರ್ಜಿ ಹಾಕ್ತೀಯೇನಪ್ಪಾ ಅಂತ. ಬಾಯಿ ಬಿಟ್ಟು ಕೇಳಿದ್ರಾ?"

ಎರಡೂವರೆ ಗಂಟೆ ಮಾತಾಡಿದ್ದೆ. ನಿಷ್ಠೆಯ ಮೇಲೇ ಅರ್ಧ ಗಂಟೆ. ಆ ಒಂದು ವಾಕ್ಯ ಮಾತ್ರ ನನ್ನ ಬಾಯಿಂದ ಹೊರಟಿರಲಿಲ್ಲ. ಎಲೆಯ ಮುಂದೆ ಕೂತವನನ್ನು ಹಾಗೆ ಕೇಳುತ್ತಾರೆಯೇ? ಕಾಯಿ ಕೊಟ್ಟ ಮೇಲೆ ಕೇಳುವ ಅಗತ್ಯವಾದರೂ ಏನು? ಆದರೂ ಆ ರಾತ್ರಿಯ ಊಟಕ್ಕೆ ಅವಳ ಮುಖ ನೋಡದೆ ಅನ್ನ ಕಲಸಿದೆ.

ವರ್ಷ ಕಳೆಯುವುದರೊಳಗೆ ಗೆಳೆಯನೂ ಮೆಲ್ಬರ್ನಿಗೆ ವರ್ಗವಾಗಿ ಹೋಗಿ ವೆರಿಬೀಯಲ್ಲಿ ಮನೆ ಮಾಡಿದ. ನಾನು ಫೋನ್ ಮಾಡಲಿಲ್ಲ. ಅವನು ಯುಗಾದಿಗೆ ಮಾಡಿದ, ದೀಪಾವಳಿಗೆ ಮಾಡಿದ. ಆಫೀಸಿನ ಕೆಲಸಕ್ಕೆಂದು ನಾನು ಮೆಲ್ಬರ್ನಿಗೆ ಹೋದಾಗ ಹೋಟೆಲಿನ ಬಾಗಿಲಿಗೇ ಕಾರು ತಂದ. "ಸಿಟ್ಟು ಸಿಡ್ನಿಯೊಳಗ ಇಟ್ಟು ಬರಬೇಕ್ರೀ ಸರ್ರ," ಎಂದು ಎಳೆದುಕೊಂಡು ಹೋದದ್ದು ಎಲ್ಲಿಗೆಂದರೆ, ತಾಂಬೂಲ ಹಿಡಿದ ಆ ಕೋಚ್‌ನ ತಂಡದ ಪಂದ್ಯಕ್ಕೆ.

ಅಲ್ಲಿನ ಬೆಂಚುಗಳಿಗೆ ಮೆತ್ತೆಯಿತ್ತು. ಸ್ಕೋರ್‌ಬೋರ್ಡಿನಲ್ಲಿ ಏಳು ಏಳರಂತೆಯೇ ಇತ್ತು. ಗೆಳೆಯ ಆ ತಂಡದ ಸ್ಕಾರ್ಫ್ ಸುತ್ತಿಕೊಂಡು, ಹಳೆಯ ಗಂಟಲಿನಲ್ಲಿಯೇ ಕೂಗುತ್ತಿದ್ದ. ಅವನ ಪಕ್ಕದವರು ಸರಿದು ನನಗೂ ಜಾಗ ಕೊಟ್ಟರು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ವಿರಾಮದಲ್ಲಿ ಕೋಚ್ ನನ್ನನ್ನು ಗುರುತಿಸಿ, ಬೆಂಚುಗಳನ್ನು ದಾಟಿ ಓಡಿಬಂದ. ನನ್ನ ಎರಡೂ ಕೈ ಹಿಡಿದುಕೊಂಡು, ಬೀಳ್ಕೊಡುಗೆಯೆಂದು ನೀವು ಕೊಟ್ಟ ತೆಂಗಿನಕಾಯಿ ನನ್ನ ಆಫೀಸಿನ ಶೆಲ್ಫಿನ ಮೇಲೇ ಇದೆ, ಇವತ್ತಿಗೂ ಒಡೆದಿಲ್ಲ, ಪ್ರತಿ ಪಂದ್ಯಕ್ಕೆ ಮುಂಚೆ ಮುಟ್ಟಿ ಬರುತ್ತೇನೆ ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಒಣಗಿ ಕೊಬ್ಬರಿ ಆಗಿರುತ್ತೆ," ಎಂದೆ ಕನ್ನಡದಲ್ಲಿ. ಅವನು ತಲೆಯಾಡಿಸಿದ.

ಆ ಪಂದ್ಯವನ್ನು ಅವನ ತಂಡ ಗೆದ್ದಿತು. ನಮ್ಮ ತಂಡಕ್ಕೆ ಕೋಚ್ ಸಿಕ್ಕಿರಲೇ ಇಲ್ಲ. ಹಾಳೆಯಲ್ಲಿ ಹೇಳಿದಂತೆಯೇ ಅದನ್ನು ಲೀಗಿನಿಂದ ವಾಪಸು ಪಡೆದಿದ್ದರು. ಈಗ ಶುಕ್ರವಾರ ಸಂಜೆ ನಮ್ಮ ಹಾಲಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಾರೆ.